ಮಾಳದ ಮಗಳು ರಮಾಬಾಯಿ: ಪಾಪದ ಭಾರ ಇಳಿದ ಮೇಲೆ ಕಟ್ಟಿದ ‘ಮುಕ್ತಿ’

ಕಾರ್ಕಳದಿಂದ ಮಾಳ ಘಾಟಿ ಹತ್ತಿ ಕುದುರೆಮುಖದ ಕಡೆ ಹೋದರೆ ಗಂಗಾಮೂಲ ಸಿಗುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ. ಪಂಡಿತಾ ರಮಾಬಾಯಿ ಹುಟ್ಟಿದ್ದೂ ಅಲ್ಲೇ, 1858ರ ಏಪ್ರಿಲ್ 23ರಂದು. ತಂದೆ ಮಾಳದ ಅನಂತಶಾಸ್ತ್ರಿ ಡೋಂಗ್ರೆ. ಹೆಂಗಸರಿಗೆ ಸಂಸ್ಕೃತ ಕಲಿಸಬಾರದು ಎನ್ನುತ್ತಿದ್ದ ಕಾಲದಲ್ಲಿ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದವರು. ಆ ತಾಯಿಯೇ ಮಗಳಿಗೂ ಗುರು.

ಮಗುವಿಗೆ ಆರು ತಿಂಗಳಾದಾಗ ಮನೆಮಂದಿಯೆಲ್ಲ ಯಾತ್ರೆ ಹೊರಟರು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಮಗುವನ್ನು ಹೊತ್ತು ಸಾಗಿಸಿದರು. ಪುರಾಣ ಓದಿ ಹೊಟ್ಟೆ ಹೊರೆಯುವ ಕುಟುಂಬ. ಪಾಪ ಕಳೆಯಲಿ ಅಂತ ತೀರ್ಥಸ್ನಾನ, ವ್ರತ, ದಾನ ಮಾಡುತ್ತಾ ಹೋದರು; ಇದ್ದ ಆಸ್ತಿಯೆಲ್ಲ ಕರಗಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದದ್ದು ಅಣ್ಣ ಶ್ರೀನಿವಾಸ ಮತ್ತು ರಮಾ. ಕಾಲ್ನಡಿಗೆಯಲ್ಲೇ ಊರೂರು ಸುತ್ತಿ 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ವಿದ್ವಾಂಸರು ಈಕೆಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು.

ಬಿರುದು ಬಂತು, ಮನಸ್ಸಿಗೆ ನೆಮ್ಮದಿ ಬರಲಿಲ್ಲ. 1880ರಲ್ಲಿ ಅಣ್ಣ ಹೋದರು. 1882ರಲ್ಲಿ ಗಂಡ ಬಿಪಿನ್ ಬಿಹಾರಿ ಕಾಲರಾಕ್ಕೆ ಬಲಿಯಾದರು. ಕಂಕುಳಲ್ಲಿ ಪುಟ್ಟ ಮಗಳು ಮನೋರಮಾ.

1883ರಲ್ಲಿ ಓದಲೆಂದು ಇಂಗ್ಲೆಂಡಿನ ವಾಂಟೇಜ್‌ಗೆ ಹೋದರು. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಕ್ರೈಸ್ತ ಸನ್ಯಾಸಿನಿಯರು, ದಾರಿ ತಪ್ಪಿದವರು ಅಂತ ಸಮಾಜ ದೂರ ತಳ್ಳಿದ ಹೆಂಗಸರನ್ನು ಸ್ವಂತ ತಂಗಿಯರಂತೆ ನೋಡಿಕೊಳ್ಳುತ್ತಿದ್ದರು. ಅಂಥವರಿಗೂ ಹೊಸ ಬದುಕು ಉಂಟು ಎನ್ನುವುದನ್ನು ರಮಾಬಾಯಿ ಮೊದಲ ಸಲ ಕಣ್ಣಾರೆ ಕಂಡರು. ಅದೇ ವರ್ಷ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ಪಡೆದರು.

ಆದರೂ ಪಾಪದ ಭಾರ ಇಳಿಯಲಿಲ್ಲ. ಸುಮಾರು ಎಂಟು ವರ್ಷ ಹಾಗೇ ಕಳೆಯಿತು. ಧರ್ಮ ಸಿಕ್ಕಿದೆ, ಕ್ರಿಸ್ತ ಇನ್ನೂ ಸಿಕ್ಕಿಲ್ಲ ಎಂಬ ಅರಿವು ಅವರನ್ನು ಕಾಡಿತು. ಪಾಪದಿಂದ ಬಿಡುಗಡೆ ಎನ್ನುವುದು ಪುಣ್ಯ ಕೂಡಿಟ್ಟು ಕೊಳ್ಳುವ ಸರಕಲ್ಲ, ಕೈಚಾಚಿ ಪಡೆಯುವ ದಾನ ಅಂತ 1891ರ ಸುಮಾರಿಗೆ ಮನಗಂಡರು. ಇದ್ದ ಹಾಗೇ ತನ್ನನ್ನು ದೇವರಿಗೆ ಒಪ್ಪಿಸಿಕೊಂಡರು. ಅಂದಿನಿಂದ ಆ ಹೆದರಿಕೆ ಹೋಯಿತು.

ಹಾಗಂತ ಬದುಕು ಸಲೀಸಾಗಲಿಲ್ಲ. ವಿಧವೆಯರಿಗಾಗಿ 1889ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಶಾರದಾ ಸದನ ಅಷ್ಟರಲ್ಲಿ ಪುಣೆಗೆ ಬಂದಿತ್ತು. ರಮಾಬಾಯಿ ಪ್ರಾರ್ಥನೆ ಮಾಡುವಾಗ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ಇಷ್ಟವಿದ್ದ ಹುಡುಗಿಯರು ಬಂದು ಕೂರುತ್ತಿದ್ದರು. ಮತಾಂತರ ನಡೆಯುತ್ತಿದೆ ಅಂತ 1893ರಲ್ಲಿ ಗಲಾಟೆ ಎದ್ದಿತು. ಅನೇಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ರಮಾಬಾಯಿ ಬಾಗಿಲು ಮುಚ್ಚಲಿಲ್ಲ. ಅತ್ತ ಇಂಗ್ಲೆಂಡಿನ ಪಾದ್ರಿಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿದವರೂ ಅಲ್ಲ. ಸೀರೆ, ಸಸ್ಯಾಹಾರ ಎರಡನ್ನೂ ಬಿಡಲಿಲ್ಲ.

1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ಹಸಿವು ಏನು ಅಂತ ರಮಾಬಾಯಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಾವೇ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದು, ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ನೆಲೆ ಕೊಟ್ಟರು. ಆ ಜಾಗಕ್ಕೆ ಇಟ್ಟ ಹೆಸರು ಮುಕ್ತಿ. ನೇಯ್ಗೆ, ಬೇಸಾಯ, ಅಚ್ಚಿನ ಕೆಲಸ ಕಲಿತ ಆ ಹುಡುಗಿಯರು ಯಾರ ಹಂಗಿಗೂ ಬೀಳದಂತೆ ಬೆಳೆದರು. ಫುಲ್‌ಹ್ಯಾಮ್‌ನಲ್ಲಿ ಕಂಡದ್ದನ್ನೂ ಮರೆಯಲಿಲ್ಲ. ಸಮಾಜ ಬೇಡವೆಂದ ಹೆಂಗಸರಿಗೆ ಅಲ್ಲೇ ಕೃಪಾ ಸದನ ತೆರೆದರು.

ಕೊನೆಯ ವರ್ಷಗಳು ಹೀಬ್ರೂ, ಗ್ರೀಕ್ ಮೂಲದಿಂದ ಬೈಬಲನ್ನು ಸರಳ ಮರಾಠಿಗೆ ತರುವುದರಲ್ಲಿ ಕಳೆದವು. 1921ರಲ್ಲಿ ಮಗಳು ಮನೋರಮಾ ತೀರಿಹೋದರೂ ಕೆಲಸ ನಿಲ್ಲಲಿಲ್ಲ. ಅನುವಾದ ಮುಗಿಸಿ, 1922ರ ಏಪ್ರಿಲ್ 5ರಂದು ಕೇಡಗಾಂವ್‌ನಲ್ಲೇ ಕಣ್ಣುಮುಚ್ಚಿದರು. ಗಂಗಾಮೂಲದ ಆ ಮಗು ಕಟ್ಟಿದ ಮುಕ್ತಿಯ ಬಾಗಿಲು ಇವತ್ತಿಗೂ ತೆರೆದಿದೆ.