ಉದ್ದ ಸರಪಳಿಯನ್ನು ನಂಬಿದ ಹರ್ಮನ್ ಸ್ಟೌಡಿಂಗರ್

ಪಾಲಿಥೀನ್ ಚೀಲ, ನೈಲಾನ್ ಹಗ್ಗ, ಸೈಕಲ್ ಟಯರ್ ಇವೆಲ್ಲ ಪಾಲಿಮರ್‌ಗಳೆಂದು ಇಂದು ಯಾರು ಬೇಕಾದರೂ ಹೇಳುತ್ತಾರೆ. ಆದರೆ ನೂರು ವರ್ಷಗಳ ಹಿಂದೆ, ಪಾಲಿಮರ್ ಎಂದರೆ ಒಂದೇ ದೊಡ್ಡ ಅಣು ಎಂದ ವಿಜ್ಞಾನಿಯ ಮಾತನ್ನು ಅವರ ಓರಗೆಯವರೇ ಒಪ್ಪಲಿಲ್ಲ. ಅವರೇ ಹರ್ಮನ್ ಸ್ಟೌಡಿಂಗರ್.

1881ರ ಮಾರ್ಚ್ 23ರಂದು ಜರ್ಮನಿಯ ವೋರ್ಮ್ಸ್ ನಗರದಲ್ಲಿ ಹುಟ್ಟಿದ ಇವರಿಗೆ ಸಸ್ಯಶಾಸ್ತ್ರದಲ್ಲಿ ಆಸಕ್ತಿ. ಅದಕ್ಕೆ ಬುನಾದಿಯಾಗಲೆಂದು ತಂದೆಯ ಸಲಹೆಯಂತೆ ರಸಾಯನಶಾಸ್ತ್ರ ಓದಿದರು, ಅದರಲ್ಲೇ ಉಳಿದರು. 1912ರಲ್ಲಿ ಜ್ಯೂರಿಕ್‌ನಲ್ಲಿ ಪ್ರಾಧ್ಯಾಪಕರಾದರು.

ರಬ್ಬರ್ ಎಂದರೆ ದುರ್ಬಲ ಸೆಳೆತದಿಂದ ತಾವಾಗಿಯೇ ಗುಂಪುಗೂಡಿದ ಚಿಕ್ಕ ಅಣುಗಳು ಎಂಬುದು ಅಂದಿನ ನಂಬಿಕೆ. ಸ್ಟೌಡಿಂಗರ್ 1920ರಲ್ಲಿ ಬೇರೆಯೇ ಮಾತು ಹೇಳಿದರು: ಅನೇಕ ಘಟಕಗಳು ಗಟ್ಟಿಯಾದ ಕೋವೆಲೆಂಟ್ ಬಂಧದಿಂದ ಕೂಡಿ ಉದ್ದ ಸರಪಳಿಯಾಗುತ್ತವೆ. ಇದನ್ನು ಪರೀಕ್ಷಿಸಲು ರಬ್ಬರಿಗೆ ಹೈಡ್ರೋಜನ್ ಸೇರಿಸಿದರು. ದ್ವಿಬಂಧಗಳ ಸೆಳೆತವೇ ಅಣುಗಳನ್ನು ಹಿಡಿದಿಟ್ಟಿದ್ದರೆ, ದ್ವಿಬಂಧ ಹೋದ ಮೇಲೆ ಗುಂಪು ಚದುರಿ, ಸುಲಭವಾಗಿ ಆವಿಯಾಗುವ ದ್ರವ ಉಳಿಯಬೇಕಿತ್ತು. ಹಾಗಾಗಲಿಲ್ಲ. ವಸ್ತುವಿನ ಗುಣ ದೊಡ್ಡ ಅಣುವಿನದಾಗಿಯೇ ಉಳಿಯಿತು. 1922ರಲ್ಲಿ ಇಂಥ ಅಣುಗಳಿಗೆ 'ಮ್ಯಾಕ್ರೊಮಾಲಿಕ್ಯೂಲ್' ಎಂಬ ಹೆಸರು ಕೊಟ್ಟರು.

ಆದರೂ ವಿರೋಧ ನಿಲ್ಲಲಿಲ್ಲ. ಈ ವಿಚಾರವನ್ನು ಕೈಬಿಡುವಂತೆ ಹಿರಿಯರೇ ಸಲಹೆ ಕೊಟ್ಟರು. 1926ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯ ಸೇರಿದ ಸ್ಟೌಡಿಂಗರ್ ವಾದಕ್ಕಿಂತ ಅಳತೆಯನ್ನೇ ನೆಚ್ಚಿದರು. ದ್ರಾವಣ ಎಷ್ಟು ಮಂದವಾಗಿದೆ ಎಂದು ಅಳೆದು ಸರಪಳಿಯ ಉದ್ದ ಅಂದಾಜು ಮಾಡಿದರು. ಸಸ್ಯವಿಜ್ಞಾನಿಯಾಗಿದ್ದ ಪತ್ನಿ ಮಾಗ್ದಾ ಸಂಶೋಧನೆಯಲ್ಲೂ ಜೊತೆಯಾದರು. ಮೊದಲ ಮಹಾಯುದ್ಧವನ್ನು ವಿರೋಧಿಸಿದ್ದಕ್ಕಾಗಿ ನಾಜಿ ಆಡಳಿತದಲ್ಲಿ ವಿಚಾರಣೆ ಎದುರಿಸಬೇಕಾಯಿತು. 1944ರ ಬಾಂಬ್ ದಾಳಿ ಅವರ ಸಂಸ್ಥೆಯನ್ನೂ ಬಿಡಲಿಲ್ಲ. ಕೊನೆಗೆ 1953ರಲ್ಲಿ, 72ನೇ ವಯಸ್ಸಿನಲ್ಲಿ, ನೊಬೆಲ್ ಪ್ರಶಸ್ತಿ ಬಂತು. 1965ರ ಸೆಪ್ಟೆಂಬರ್ 8ರಂದು ನಿಧನರಾದರು.

ವಿರೋಧಿಗಳು ನಂಬಿದ್ದ 'ತಾನಾಗಿ ಗುಂಪುಗೂಡುವಿಕೆ' ಕೂಡ ಸುಳ್ಳಲ್ಲ. ಸೋಪಿನ ಅಣುಗಳು ನೀರಿನಲ್ಲಿ ಮಾಡುವುದು ಅದನ್ನೇ. ಇಂದು ವಿಜ್ಞಾನಿಗಳು ಎರಡನ್ನೂ ಜೋಡಿಸಿದ್ದಾರೆ. ಒಂದು ತುದಿ ನೀರಿಗೆ ಒಲಿಯುವ, ಇನ್ನೊಂದು ತುದಿ ನೀರಿನಿಂದ ದೂರ ಸರಿಯುವ ಪಾಲಿಮರ್ ಸರಪಳಿಗಳನ್ನು ನೀರಿಗೆ ಬಿಟ್ಟರೆ, ನೀರೊಲ್ಲದ ತುದಿಗಳು ಒಳಗೆ ಸೇರಿ, ನೀರೊಲಿಯುವ ತುದಿಗಳು ಹೊರಗೆ ನಿಂತು ಮೃದುವಾದ ಪುಟ್ಟ ಕಣಗಳು ತಾವಾಗಿಯೇ ರೂಪುಗೊಳ್ಳುತ್ತವೆ. ಗಾತ್ರ ಸಾಮಾನ್ಯವಾಗಿ ಮೀಟರಿನ ಕೋಟಿಯ ಒಂದು ಪಾಲಿಗಿಂತಲೂ ಚಿಕ್ಕದು! ನೀರಿನಲ್ಲಿ ಕರಗದ ಕ್ಯಾನ್ಸರ್ ಔಷಧಿಯನ್ನು ಇಂಥ ಕಣಗಳ ಒಡಲಲ್ಲಿಟ್ಟು ರಕ್ತಕ್ಕೆ ಸೇರಿಸಬಹುದು.

ಬಹುಮತ ಎಂದ ಮಾತ್ರಕ್ಕೆ ಸತ್ಯವಲ್ಲ. ಒಬ್ಬಂಟಿ ಎಂದ ಮಾತ್ರಕ್ಕೆ ಸುಳ್ಳೂ ಅಲ್ಲ. ವಿದ್ಯಾರ್ಥಿಗಳೇ, ಪ್ರಯೋಗಾಲಯದಲ್ಲಿ ನಿಮ್ಮ ಉತ್ತರ ಪಕ್ಕದವರ ಉತ್ತರಕ್ಕೆ ಹೊಂದದಿದ್ದರೆ ತಕ್ಷಣ ಅಳಿಸಬೇಡಿ. ಇನ್ನೊಮ್ಮೆ ಅಳೆದು ನೋಡಿ.