ಡೊರೊಥಿಯಾ ಡಿಕ್ಸ್

ಡೊರೊಥಿಯಾ ಲಿಂಡ್ ಡಿಕ್ಸ್ (ಏಪ್ರಿಲ್ 4, 1802 – ಜುಲೈ 17, 1887) ಅಮೆರಿಕ ಸಂಯುಕ್ತ ಸಂಸ್ಥಾನದ ಸಮಾಜ ಸುಧಾರಕಿ, ಶಿಕ್ಷಕಿ ಹಾಗೂ ಲೇಖಕಿ. ಬಡ ಮನೋರೋಗಿಗಳನ್ನು ಸೆರೆಮನೆಗಳಲ್ಲಿ ಕೂಡಿಹಾಕುವ ಪದ್ಧತಿಯ ವಿರುದ್ಧ ಹೋರಾಡಿ, ಅವರಿಗಾಗಿ ಸರ್ಕಾರಿ ಆಸ್ಪತ್ರೆಗಳು ಸ್ಥಾಪನೆಯಾಗಲು ಕಾರಣರಾದರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಒಕ್ಕೂಟ ಸೇನೆಯ ದಾದಿಯರ ಮೇಲ್ವಿಚಾರಕಿಯಾಗಿದ್ದರು.

ಆರಂಭಿಕ ಜೀವನ

ಡಿಕ್ಸ್ ಮೇಯ್ನ್ ಪ್ರಾಂತ್ಯದ ಹ್ಯಾಂಪ್ಡೆನ್‌ನಲ್ಲಿ ಜನಿಸಿದರು. ತಂದೆ ಜೋಸೆಫ್ ಡಿಕ್ಸ್, ತಾಯಿ ಮೇರಿ ಬಿಗೆಲೋ. ಸುಮಾರು ಹನ್ನೆರಡನೆಯ ವಯಸ್ಸಿನಲ್ಲಿ ಮನೆ ತೊರೆದು ಬಾಸ್ಟನ್‌ನಲ್ಲಿದ್ದ ಅಜ್ಜಿಯ ಆಶ್ರಯ ಪಡೆದರು. ಮುಂದೆ ಬಾಲಕಿಯರಿಗಾಗಿ ಶಾಲೆ ನಡೆಸಿದರು. 1824ರಲ್ಲಿ ಮಕ್ಕಳಿಗಾಗಿ ಸಾಮಾನ್ಯ ಜ್ಞಾನದ ಪುಸ್ತಕವೊಂದನ್ನು ಪ್ರಕಟಿಸಿದರು. 1836ರಲ್ಲಿ ಆರೋಗ್ಯ ತೀವ್ರವಾಗಿ ಹದಗೆಟ್ಟಾಗ ಇಂಗ್ಲೆಂಡಿಗೆ ತೆರಳಿ, ಲಿವರ್‌ಪೂಲ್‌ನ ರಾತ್‌ಬೋನ್ ಕುಟುಂಬದೊಡನೆ ತಂಗಿದರು. ಮನೋರೋಗಿಗಳ ಆರೈಕೆಯನ್ನು ಸುಧಾರಿಸಲು ಅಲ್ಲಿ ನಡೆದಿದ್ದ ಚಳವಳಿಯ ಪರಿಚಯ ಅವರಿಗಾಯಿತು. ಅಜ್ಜಿಯಿಂದ ಬಂದ ಆಸ್ತಿಯಿಂದಾಗಿ ಜೀವನ ನಿರ್ವಹಣೆಯ ಚಿಂತೆಯಿಲ್ಲದೆ ಸೇವೆಯಲ್ಲಿ ತೊಡಗಲು ಸಾಧ್ಯವಾಯಿತು.

ಮ್ಯಾಸಚೂಸೆಟ್ಸ್ ಸಮೀಕ್ಷೆ

1841ರಲ್ಲಿ ಈಸ್ಟ್ ಕೇಂಬ್ರಿಜ್ ಸೆರೆಮನೆಯ ಮಹಿಳಾ ಕೈದಿಗಳಿಗೆ ಭಾನುವಾರದ ಪಾಠ ಹೇಳಲು ಹೋದ ಡಿಕ್ಸ್, ಅಪರಾಧವನ್ನೇ ಮಾಡದ ಮನೋರೋಗಿ ಮಹಿಳೆಯರನ್ನು ಬೆಂಕಿಯ ಕಾವಿಲ್ಲದ ಕೋಣೆಗಳಲ್ಲಿ ಇರಿಸಿರುವುದನ್ನು ಕಂಡರು. ಹುಚ್ಚರಿಗೆ ಚಳಿಯ ಅರಿವಾಗುವುದಿಲ್ಲ ಎಂಬ ನಂಬಿಕೆ ಆಗ ಪ್ರಚಲಿತವಾಗಿತ್ತು. ಡಿಕ್ಸ್ ನ್ಯಾಯಾಲಯದ ಮೊರೆಹೊಕ್ಕು ಆ ಕೋಣೆಗಳಿಗೆ ಕಾವಿನ ವ್ಯವಸ್ಥೆ ಮಾಡಿಸಿದರು.

ಅನಂತರ ರಾಜ್ಯದಾದ್ಯಂತ ಸಂಚರಿಸಿ ಸೆರೆಮನೆಗಳನ್ನೂ ಬಡವರ ಆಶ್ರಯಗೃಹಗಳನ್ನೂ ಪರಿಶೀಲಿಸಿದರು. ನಿರ್ಗತಿಕ ಮನೋರೋಗಿಗಳನ್ನು ಅತಿ ಕಡಿಮೆ ವೆಚ್ಚಕ್ಕೆ ನೋಡಿಕೊಳ್ಳಲು ಒಪ್ಪಿದವರ ವಶಕ್ಕೆ ಕೊಡುವ ರೂಢಿ ಅಲ್ಲಿತ್ತು. ಪಂಜರ, ನೆಲಮಾಳಿಗೆ ಹಾಗೂ ಕೊಟ್ಟಿಗೆಗಳಲ್ಲಿ ಸರಪಳಿ ಬಿಗಿದು ಇರಿಸಲಾಗಿದ್ದವರ ವಿವರಗಳನ್ನು ಊರುಗಳ ಹೆಸರಿನೊಡನೆ ದಾಖಲಿಸಿ, 1843ರ ಜನವರಿಯಲ್ಲಿ ಶಾಸನಸಭೆಗೆ ಮನವಿ ಸಲ್ಲಿಸಿದರು. ಮಹಿಳೆಯರಿಗೆ ಮತದಾನದ ಹಕ್ಕೂ ಇರದಿದ್ದ ಆ ಕಾಲದಲ್ಲಿ ಸಭೆಯ ಸದಸ್ಯರಾಗಿದ್ದ ಸ್ಯಾಮ್ಯುಯೆಲ್ ಗ್ರಿಡ್ಲಿ ಹೋ ಅವರ ಪರವಾಗಿ ಅದನ್ನು ಮಂಡಿಸಿದರು. ಪರಿಣಾಮವಾಗಿ ವೂಸ್ಟರ್‌ನ ಸರ್ಕಾರಿ ಮಾನಸಿಕ ಆಸ್ಪತ್ರೆಯ ವಿಸ್ತರಣೆಗೆ ಹಣ ಮಂಜೂರಾಯಿತು.

ಇತರ ರಾಜ್ಯಗಳು ಮತ್ತು ಭೂದಾನ ಮಸೂದೆ

ಇದೇ ಕ್ರಮವನ್ನು ಡಿಕ್ಸ್ ಇತರ ರಾಜ್ಯಗಳಲ್ಲಿಯೂ ಅನುಸರಿಸಿದರು. ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ 1848ರಲ್ಲಿ, ಉತ್ತರ ಕೆರೊಲಿನಾದ ರಾಲಿಯಲ್ಲಿ 1856ರಲ್ಲಿ ಆಸ್ಪತ್ರೆಗಳು ಆರಂಭಗೊಂಡವು. ರೋಗಿಗಳನ್ನು ಬಂಧಿಸುವ ಬದಲು ಶುಚಿತ್ವ, ದುಡಿಮೆ, ಶಾಂತ ಪರಿಸರ ಹಾಗೂ ಸೌಜನ್ಯದ ನಡವಳಿಕೆಯಿಂದ ಗುಣಪಡಿಸಬೇಕೆಂಬ ಅಂದಿನ ಚಿಕಿತ್ಸಾಕ್ರಮದಲ್ಲಿ ಅವರಿಗೆ ನಂಬಿಕೆಯಿತ್ತು.

ನಿರ್ಗತಿಕ ರೋಗಿಗಳ ಆರೈಕೆಗಾಗಿ ಒಂದು ಕೋಟಿ ಎಕರೆಗೂ ಹೆಚ್ಚು ಸರ್ಕಾರಿ ಭೂಮಿಯನ್ನು ಮೀಸಲಿಡುವ ಮಸೂದೆಗೆ ಅವರು ಹಲವು ವರ್ಷ ದುಡಿದರು. 1854ರಲ್ಲಿ ಕಾಂಗ್ರೆಸ್ಸಿನ ಎರಡೂ ಸದನಗಳು ಅದನ್ನು ಅಂಗೀಕರಿಸಿದವು. ಆದರೆ ದಾನಧರ್ಮದ ಹೊಣೆ ರಾಜ್ಯಗಳಿಗೆ ಸೇರಿದ್ದೆಂಬ ಕಾರಣ ನೀಡಿ ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಮಸೂದೆಯನ್ನು ತಿರಸ್ಕರಿಸಿದರು. ಈ ಸೋಲಿನ ಬಳಿಕ ಡಿಕ್ಸ್ ಯುರೋಪಿಗೆ ತೆರಳಿದರು. ಸ್ಕಾಟ್‌ಲೆಂಡಿನಲ್ಲಿ ಅವರು ಮಾಡಿದ ಪ್ರಯತ್ನದಿಂದ ರಾಜ ಆಯೋಗವೊಂದು ರಚನೆಯಾಗಿ, 1857ರಲ್ಲಿ ಅಲ್ಲಿ ಹೊಸ ಕಾನೂನು ಜಾರಿಗೆ ಬಂದಿತು.

ಅಂತರ್ಯುದ್ಧ

1861ರ ಜೂನ್‌ನಲ್ಲಿ ಅವರು ಸೇನಾ ದಾದಿಯರ ಮೇಲ್ವಿಚಾರಕಿಯಾಗಿ ನೇಮಕಗೊಂಡರು. ವಯಸ್ಸು, ಉಡುಪು ಹಾಗೂ ನಡತೆಯ ಬಗ್ಗೆ ಕಟ್ಟುನಿಟ್ಟಿನ ನಿಯಮಗಳನ್ನು ವಿಧಿಸಿದರು. ಸೇನಾ ವೈದ್ಯರೊಡನೆ ಉಂಟಾದ ಘರ್ಷಣೆಯಿಂದ 1863ರಲ್ಲಿ ಅವರ ಅಧಿಕಾರ ಮೊಟಕುಗೊಂಡಿತು.

ಕೊನೆಯ ದಿನಗಳು ಮತ್ತು ಪರಂಪರೆ

1881ರಿಂದ ಡಿಕ್ಸ್ ಟ್ರೆಂಟನ್ ಆಸ್ಪತ್ರೆಯಲ್ಲಿಯೇ ವಾಸಿಸಿ, 1887ರಲ್ಲಿ ಅಲ್ಲಿಯೇ ನಿಧನರಾದರು. ಅವರ ಸಮಾಧಿ ಕೇಂಬ್ರಿಜ್‌ನ ಮೌಂಟ್ ಆಬರ್ನ್ ಸ್ಮಶಾನದಲ್ಲಿದೆ. ಗುಲಾಮಗಿರಿಯ ವಿರುದ್ಧದ ಚಳವಳಿಯಿಂದ ಅವರು ದೂರ ಉಳಿದದ್ದು ಟೀಕೆಗೆ ಒಳಗಾಗಿದೆ. ಚಿಕಿತ್ಸೆಗೆಂದು ಕಟ್ಟಿದ ಆಸ್ಪತ್ರೆಗಳು ಅವರ ಜೀವಿತಕಾಲದಲ್ಲಿಯೇ ರೋಗಿಗಳಿಂದ ಕಿಕ್ಕಿರಿದು, ಕ್ರಮೇಣ ಕೇವಲ ಕೂಡಿಡುವ ಸ್ಥಳಗಳಾಗಿ ಮಾರ್ಪಟ್ಟವು. ಆದರೂ ಮನೋರೋಗಿಗಳ ಆರೈಕೆ ಸರ್ಕಾರದ ಕರ್ತವ್ಯವೆಂಬ ತತ್ತ್ವವನ್ನು ಅಮೆರಿಕದಲ್ಲಿ ನೆಲೆಗೊಳಿಸಿದವರಲ್ಲಿ ಅವರು ಪ್ರಮುಖರು. 1983ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.