ಲೂಲೂ ಅಂತ ಕರೆದವನು

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ನಿಮ್ಮನ್ನ ಮನೇಲಿ ಏನಂತ ಕರೀತಾರೆ? ಐಡಿ ಕಾರ್ಡ್‌ನಲ್ಲಿರೋ ಹೆಸರಲ್ಲ, ಅಡುಗೆಮನೆಯಿಂದ ಕೂಗೋ ಹೆಸರು. ಪುಟ್ಟ, ಚಿನ್ನು, ಬಂಗಾರಿ, ಗುಂಡ. ಹಾಸ್ಟೆಲ್ ರೂಮಲ್ಲಿ ಫೋನ್ ಸ್ಪೀಕರ್‌ಗೆ ಹಾಕಿದ್ದಾಗಲೇ ಅಮ್ಮ ಆ ಹೆಸರು ಕೂಗಿ, ಆಮೇಲೆ ಒಂದು ಸೆಮಿಸ್ಟರ್ ಪೂರ್ತಿ ಫ್ರೆಂಡ್ಸ್ ಬಾಯಿಗೆ ಸಿಕ್ಕವರು ನಮ್ಮಲ್ಲಿ ಕಮ್ಮಿ ಇಲ್ಲ. (ನನ್ನದು ಏನು ಅಂತ ಹೇಳಲ್ಲ.)

ಈ ರಜೆಯಲ್ಲಿ ನಾನು ಮದಾಂ ಬೋವರಿ ಓದಿದೆ, ಇಂಗ್ಲಿಷ್ ಅನುವಾದದಲ್ಲಿ. ಬರೆದವನು ಗುಸ್ತಾವ್ ಫ್ಲೋಬೇರ್. ಆ ಕಾದಂಬರಿ ಮುಗಿಸಿ, ಅವನ ಪತ್ರಗಳು, ಅವನ ಬದುಕು ಅಂತ ಹುಡುಕ್ತಾ ಹೋದಾಗ ಒಂದು ವಿಷಯ ತಲೆಗೆ ಹತ್ತಿತು. ಪ್ರೀತಿಯಿಂದ ಕರೆಯೋ ಪದಗಳನ್ನ ಇವನಷ್ಟು ಅನುಮಾನದಿಂದ ನೋಡಿದ ಲೇಖಕ ಬಹುಶಃ ಇನ್ನೊಬ್ಬ ಇಲ್ಲ. ಆದ್ರೆ ಮನೆಯೊಳಗೆ ಅದೇ ಪದಗಳಿಲ್ಲದೆ ಅವನಿಗೆ ಒಂದು ಪತ್ರ ಬರೆಯೋಕೂ ಆಗ್ತಿರಲಿಲ್ಲ. ಅವನ ಕಥೆಯನ್ನ ಈ ಒಂದು ಕಿಟಕಿಯಿಂದ ಹೇಳೋಕೆ ಟ್ರೈ ಮಾಡ್ತೀನಿ.

ಹುಟ್ಟಿದ್ದು 1821ರ ಡಿಸೆಂಬರ್ 12ರಂದು, ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ರುವಾಂ ಊರಲ್ಲಿ. ಅಪ್ಪ ಅಲ್ಲಿನ ಆಸ್ಪತ್ರೆಯ ದೊಡ್ಡ ಸರ್ಜನ್, ಮನೆಯೂ ಆಸ್ಪತ್ರೆಯ ಆವರಣದಲ್ಲೇ. ಅಣ್ಣ ಅಪ್ಪನ ದಾರಿ ಹಿಡಿದು ಡಾಕ್ಟರ್ ಆದ. ತಮ್ಮನನ್ನ ಲಾ ಓದು ಅಂತ ಪ್ಯಾರಿಸ್‌ಗೆ ಕಳಿಸಿದ್ರು. ಅವನಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. 1843ರಲ್ಲಿ ಸೆಕೆಂಡ್ ಇಯರ್ ಪರೀಕ್ಷೆಯಲ್ಲಿ ಫೇಲ್ ಆದ. (ನಾನೂ ಸೆಕೆಂಡ್ ಇಯರ್. ಇದನ್ನ ಓದಿದಾಗ ಸ್ವಲ್ಪ ಸಮಾಧಾನ ಆಗಿದ್ದು ನಿಜ.) 1844ರ ಜನವರಿಯಲ್ಲಿ ಅಣ್ಣನ ಜೊತೆ ಗಾಡಿಯಲ್ಲಿ ಹೋಗ್ತಿದ್ದಾಗ ಫಿಟ್ಸ್ ಬಂದು ಬಿದ್ದುಬಿಟ್ಟ. ಅಲ್ಲಿಗೆ ಲಾ ಓದು ಬಂದ್ ಆಯ್ತು. ಕುಟುಂಬ ಸೇನ್ ನದಿ ದಡದ ಕ್ರ್ವಾಸೆ ಅನ್ನೋ ಹಳ್ಳಿಯಲ್ಲಿ ಒಂದು ಮನೆ ತಗೊಂಡಿತು. ಉಳಿದ ಬದುಕಿನ ಬಹುಪಾಲು ಅವನು ಕಳೆದದ್ದು ಅಲ್ಲೇ.

1846 ಅವನ ಪಾಲಿಗೆ ಕೆಟ್ಟ ವರ್ಷ. ಜನವರಿಯಲ್ಲಿ ಅಪ್ಪ ತೀರಿಕೊಂಡ್ರು. ಮಾರ್ಚ್‌ನಲ್ಲಿ ತಂಗಿ ಕ್ಯಾರೊಲಿನ್ ಹೆರಿಗೆಯಾದ ಕೆಲವೇ ವಾರಕ್ಕೆ ಹೋಗಿಬಿಟ್ಟಳು. ಹುಟ್ಟಿದ ಹೆಣ್ಣುಮಗುವಿಗೂ ಕ್ಯಾರೊಲಿನ್ ಅಂತಲೇ ಹೆಸರು. ಆ ಕೂಸನ್ನ ಕ್ರ್ವಾಸೆಯಲ್ಲಿ ಬೆಳೆಸಿದ್ದು ಅಜ್ಜಿ ಮತ್ತು ಈ ಸೋದರಮಾವ. 24 ವರ್ಷದ, ಮದುವೆಯಾಗದ, ಸಿಡುಕು ಸ್ವಭಾವದ ಮಾವ. ಚರಿತ್ರೆ, ಭೂಗೋಳ ಎಲ್ಲ ಅವನೇ ಪಾಠ ಹೇಳಿಕೊಟ್ಟ. ಅವಳಿಗೆ ಅವನು ಕೊಟ್ಟ ಮುದ್ದಿನ ಹೆಸರುಗಳಲ್ಲಿ ಒಂದು ಲೂಲೂ.

ಇಲ್ಲಿ ಒಂದು ನಿಮಿಷ ನಿಲ್ಲಿಸಿ ಫ್ರೆಂಚರ ಮುದ್ದಿನ ಪದಗಳ ಬಗ್ಗೆ ಹೇಳ್ಬೇಕು. ಅವರಲ್ಲಿ ಪ್ರೀತಿ ಜಾಸ್ತಿ ಆದಾಗ ಮನುಷ್ಯರು ಪ್ರಾಣಿ ಆಗ್ತಾರೆ. ನನ್ನ ಬೆಕ್ಕು, ನನ್ನ ಮೊಲ, ನನ್ನ ಜಿಂಕೆ. ಚಿಗಟ ಅಂತ ಕೂಡ ಕರೀತಾರೆ, ಅದೂ ಮುದ್ದಿಗೆ! ನನ್ನ ಎಲೆಕೋಸು ಅನ್ನೋದೂ ಇದೆ. ಲೂಲೂ ಅಂದ್ರೆ ತೋಳಕ್ಕೆ ಫ್ರೆಂಚಲ್ಲಿ ಇರೋ ಲೂ ಅನ್ನೋ ಪದವನ್ನ ಮಕ್ಕಳ ಬಾಯಲ್ಲಿ ಎರಡು ಸಲ ಅಂದ ಹಾಗೆ. ಪೊಮೆರೇನಿಯನ್ ನಾಯಿಗೂ ಅವರು ಲೂಲೂ ಅಂತಾರೆ. ಇದೆಲ್ಲ ಅನುವಾದ ಮಾಡಿದ್ರೆ ನಗು ಬರುತ್ತೆ. ನಮ್ಮ ಅಜ್ಜಿಯಂದಿರು ಮೊಮ್ಮಗನ್ನ ಪ್ರೀತಿಯಿಂದ ಕತ್ತೆ ಅಂತ ಕರೆಯೋದನ್ನ ಬೇರೆ ಭಾಷೆಯವರಿಗೆ ಹೇಳಿ ನೋಡಿ, ಅವರೂ ನಗ್ತಾರೆ.

ಇನ್ನೊಂದು ವಿಷಯ. ಫ್ರೆಂಚಲ್ಲಿ ತು ಅಂದ್ರೆ ನೀನು, ವು ಅಂದ್ರೆ ನೀವು. ನಮ್ಮ ಹಾಗೇನೇ. ಇಂಗ್ಲಿಷಲ್ಲಿ ಎರಡಕ್ಕೂ ಯೂ ಒಂದೇ. ಅದಕ್ಕೇ ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನನಗೆ ಈ ಕಾದಂಬರಿಯ ಅರ್ಧ ಕಥೆ ಮೊದಲ ಓದಿನಲ್ಲಿ ಕಾಣಿಸಲೇ ಇಲ್ಲ. ಯಾರು ಯಾವಾಗ ನೀವು ಇಂದ ನೀನು ಗೆ ಇಳಿದ್ರು, ಯಾವಾಗ ವಾಪಸ್ ಹತ್ತಿದ್ರು ಅನ್ನೋದು ಅಲ್ಲಿ ಪ್ಲಾಟ್‌ನ ಒಂದು ಭಾಗ. ಕನ್ನಡದಲ್ಲಿ ಓದೋರಿಗೆ ಇದು ಸಲೀಸಾಗಿ ಅರ್ಥ ಆಗುತ್ತೆ.

ಅದೇ 1846ರ ಬೇಸಿಗೆಯಲ್ಲಿ ಪ್ಯಾರಿಸ್‌ನ ಶಿಲ್ಪಿ ಪ್ರಾದಿಯೆಯ ಸ್ಟುಡಿಯೋದಲ್ಲಿ ಫ್ಲೋಬೇರ್‌ಗೆ ಲೂಯಿಸ್ ಕೊಲೆ ಪರಿಚಯ ಆದಳು. ಕವಯಿತ್ರಿ, ಪ್ರಶಸ್ತಿ ಪಡೆದವಳು, ಮದುವೆಯಾಗಿದ್ದವಳು, ಇವನಿಗಿಂತ 11 ವರ್ಷ ದೊಡ್ಡವಳು. ಪ್ರೀತಿ ಶುರುವಾಯ್ತು. ಅವಳು ಪ್ಯಾರಿಸ್‌ನಲ್ಲಿ, ಇವನು ಕ್ರ್ವಾಸೆಯಲ್ಲಿ. ರುವಾಂನಿಂದ ಪ್ಯಾರಿಸ್‌ಗೆ ರೈಲು ಬಂದು ಆಗಲೇ 3 ವರ್ಷ ಆಗಿತ್ತು, ಆದ್ರೂ ಇವನು ಅಪರೂಪಕ್ಕೆ ಹೋಗ್ತಿದ್ದ. ಅವಳನ್ನ ಮನೆಗೆ ಬಾ ಅಂತ ಕರೀಲಿಲ್ಲ. ಪತ್ರ ಮಾತ್ರ ಪುಟಗಟ್ಟಲೆ. ಅದರಲ್ಲಿ ಅವಳು ನೀನು. ಆಮೇಲೆ ಆಮೇಲೆ ಮ್ಯೂಸ್, ಅಂದ್ರೆ ಕಾವ್ಯದೇವತೆ. ಕೇಳೋಕೆ ಚೆನ್ನಾಗಿದೆ. ಆದ್ರೆ ನನಗೆ ಅನ್ಸೋದು, ದೇವತೆ ಅಂತ ಕರೆದ್ರೆ ದೂರದಲ್ಲೇ ಇಡಬಹುದು. ದೇವತೆ ಮನೆಗೆ ಊಟಕ್ಕೆ ಬರ್ತೀನಿ ಅನ್ನಲ್ಲ. ಲೂಯಿಸ್ ಅಂದಳು, ಅದೇ ತಾಪತ್ರಯ ಆಗಿದ್ದು.

1848ರಲ್ಲಿ ಮುರಿದುಬಿತ್ತು, 1851ರಲ್ಲಿ ಮತ್ತೆ ಶುರುವಾಯ್ತು. ಮದಾಂ ಬೋವರಿ ಬರೆಯೋಕೆ ಕೂತದ್ದೂ ಅದೇ 1851ರಲ್ಲಿ. ಹತ್ತಿರ ಹತ್ತಿರ 5 ವರ್ಷ ಹಿಡೀತು. ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಕೂಗಿ ಓದಿ ನೋಡ್ತಿದ್ದ, ಕಿವಿಗೆ ಸರಿ ಬರದಿದ್ರೆ ಹೊಡೆದುಹಾಕ್ತಿದ್ದ. ದಿನದ ಬರವಣಿಗೆ ಮುಗಿದ ಮೇಲೆ ಮಧ್ಯರಾತ್ರಿ ಲೂಯಿಸ್‌ಗೆ ಪತ್ರ. ಇವತ್ತು ಆ ಕಾದಂಬರಿ ಹೇಗೆ ಹುಟ್ಟಿತು ಅಂತ ನಮಗೆ ಗೊತ್ತಿರೋದೇ ಆ ಪತ್ರಗಳಿಂದ.

ಕಾದಂಬರಿಯಲ್ಲಿ ಎಮ್ಮಾ ಅನ್ನೋ ರೈತನ ಮಗಳು ಕಾನ್ವೆಂಟ್‌ನಲ್ಲಿದ್ದಾಗ ಕದ್ದುಮುಚ್ಚಿ ಪ್ರೇಮಕಾದಂಬರಿ ಓದ್ತಾಳೆ. ಚಾರ್ಲ್ಸ್ ಬೋವರಿ ಅನ್ನೋ ಸಾಧಾರಣ ಡಾಕ್ಟರ್ ಜೊತೆ ಮದುವೆ ಆಗುತ್ತೆ. ಮದುವೆಯ ಮಾರನೇ ದಿನದಿಂದಲೇ ಚಾರ್ಲ್ಸ್ ಎಲ್ಲರ ಮುಂದೆ ಅವಳನ್ನ ನನ್ನ ಹೆಂಡತಿ ಅಂತಾನೆ, ನೀನು ಅಂತ ಮಾತಾಡಿಸ್ತಾನೆ. ಅವನ ಕೈಲಿರೋದು ಅಷ್ಟೇ ಪದ. ಎಮ್ಮಾಗೆ ಅದು ಸಾಲಲ್ಲ. ಪುಸ್ತಕದಲ್ಲಿ ಅಷ್ಟು ಚೆಂದ ಕಂಡ ಪದಗಳಿಗೆ ಜೀವನದಲ್ಲಿ ಏನರ್ಥ ಅಂತ ಯೋಚಿಸ್ತಾ ಕೂರ್ತಾಳೆ.

ಆಗ ಬರ್ತಾನೆ ರೊಡಾಲ್ಫ್, ಪಕ್ಕದ ಊರಿನ ಜಮೀನ್ದಾರ, ಪದಗಳ ಸ್ಟಾಕಿಸ್ಟ್. ಕೃಷಿ ಮೇಳದಲ್ಲಿ ಅವಳ ಪಕ್ಕ ಕೂತು ಪ್ರೇಮದ ಡೈಲಾಗ್ ಹೊಡೀತಿದ್ರೆ, ಕೆಳಗಡೆ ವೇದಿಕೆಯಿಂದ ಗೊಬ್ಬರಕ್ಕೆ, ಹಂದಿಗೆ ಬಹುಮಾನ ಘೋಷಣೆ ಆಗ್ತಿರುತ್ತೆ. ಫ್ಲೋಬೇರ್ ಎರಡನ್ನೂ ಒಂದು ಸಾಲು ಅದು, ಒಂದು ಸಾಲು ಇದು ಅಂತ ಹೆಣೆದಿಟ್ಟಿದ್ದಾನೆ. ನಾನು ಲೈಬ್ರರಿಯಲ್ಲಿ ಜೋರಾಗಿ ನಕ್ಕುಬಿಟ್ಟೆ. ಆಮೇಲೆ ಇನ್ನೊಂದು ದೃಶ್ಯದಲ್ಲಿ ರೊಡಾಲ್ಫ್‌ಗೆ ಬಾಯಿತಪ್ಪಿ ಅವಳ ಹೆಸರು ಬಂದುಬಿಡುತ್ತೆ. ಅವಳು ಆಕ್ಷೇಪಿಸಿದಾಗ, ಮದಾಂ ಬೋವರಿ ಅನ್ನೋದು ನಿಮ್ಮ ಹೆಸರೇ ಅಲ್ಲ, ಬೇರೆಯವನ ಹೆಸರು ಅನ್ನೋ ಹಾಗೆ ಮಾತಾಡ್ತಾನೆ. ಎಂಥ ಐಡಿಯಾ ನೋಡಿ!

ಎಮ್ಮಾ ಪೂರ್ತಿ ನಂಬ್ತಾಳೆ. ಅವನನ್ನ ರಾಜ, ಆರಾಧ್ಯದೈವ ಅಂತೆಲ್ಲ ಕರೀತಾಳೆ. ರೊಡಾಲ್ಫ್‌ಗೆ ಬೋರ್. ಇದೇ ಪದಗಳನ್ನ ಎಷ್ಟೋ ಹೆಂಗಸರ ಬಾಯಲ್ಲಿ ಕೇಳಿದ್ದಾನೆ, ಹಾಗಾಗಿ ಇವಳೂ ಅವರಲ್ಲೊಬ್ಬಳು ಅಂದ್ಕೋತಾನೆ. ಕಾದಂಬರಿಯಲ್ಲಿ ಸಾಮಾನ್ಯವಾಗಿ ಬಾಯಿಬಿಡದ ಫ್ಲೋಬೇರ್ ಇಲ್ಲಿ ಮಾತ್ರ ಮಧ್ಯೆ ಬಂದು ಅವನನ್ನ ತಿದ್ದುತ್ತಾನೆ. ಪದ ಸವೆದಿರಬಹುದು, ಅದನ್ನ ಹೇಳೋಳ ಮನಸ್ಸು ಸವೆದಿರಬೇಕಾಗಿಲ್ಲ ಅನ್ನೋದು ಅವನ ವಾದದ ಸಾರ. ನನಗೆ ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ಹಿಡಿಸಿದ ಜಾಗ ಅದು. ಪ್ರೀತಿಯ ಪದಗಳನ್ನ ಇಷ್ಟು ಗೇಲಿ ಮಾಡಿದವನೇ ಅವುಗಳ ಪರ ವಕೀಲಿಕೆಗೆ ನಿಂತಿದ್ದಾನೆ!

ಕೊನೆಗೆ ರೊಡಾಲ್ಫ್ ಕೈಕೊಡ್ತಾನೆ. ಹಳೇ ಬಿಸ್ಕತ್ ಡಬ್ಬಿಯಲ್ಲಿಟ್ಟಿದ್ದ ಹಳೇ ಹುಡುಗಿಯರ ಪತ್ರಗಳನ್ನ ತೆಗೆದು ನೋಡಿ, ಆಮೇಲೆ ಎಮ್ಮಾಗೆ ವಿದಾಯದ ಪತ್ರ ಬರೀತಾನೆ. ಕಣ್ಣೀರು ಬಿದ್ದಿದೆ ಅಂತ ಕಾಣಲಿ ಅಂತ ಒಂದು ತೊಟ್ಟು ನೀರು ಬೀಳಿಸ್ತಾನೆ. ಕೆಳಗೆ ಏನಂತ ಸಹಿ ಮಾಡ್ಲಿ ಅಂತ ಯೋಚಿಸಿ ಸ್ನೇಹಿತ ಅಂತ ಹಾಕ್ತಾನೆ. ಇಡೀ ಪತ್ರದಲ್ಲಿ ಅವಳು ನೀವು ಆಗಿಬಿಟ್ಟಿದ್ದಾಳೆ. ಇಂಗ್ಲಿಷಲ್ಲಿ ಇದು ಗೊತ್ತೇ ಆಗಲ್ಲ.

ಈಗ ನಿಜ ಜೀವನಕ್ಕೆ ಬನ್ನಿ. 1855ರ ಮಾರ್ಚ್. ಫ್ಲೋಬೇರ್ ಪ್ಯಾರಿಸ್‌ಗೆ ಬಂದಿದ್ದಾನೆ, ಕಾದಂಬರಿ ಇನ್ನೂ ಮುಗಿದಿಲ್ಲ. ಲೂಯಿಸ್ ಒಂದೇ ಸಂಜೆ ಮೂರು ಸಲ ಅವನ ಮನೆ ಬಾಗಿಲಿಗೆ ಬಂದು ಹೋಗ್ತಾಳೆ. ಮಾರನೇ ದಿನ ಅವಳಿಗೆ ಒಂದು ಪುಟ್ಟ ಪತ್ರ ಸಿಗುತ್ತೆ. ಶುರುವಿನಲ್ಲಿ ಮ್ಯೂಸ್ ಇಲ್ಲ, ಲೂಯಿಸ್ ಇಲ್ಲ, ಬರೀ ಮದಾಂ. ಒಳಗೆ ನೀನು ಹೋಗಿ ನೀವು. ನೀವು ಬಂದಾಗ ನಾನಿರಲಿಲ್ಲ, ಇನ್ನು ಮುಂದೆ ಯಾವತ್ತೂ ಇರೋದಿಲ್ಲ ಅಂತ ಸಾರಾಂಶ. ರೊಡಾಲ್ಫ್ ಆದ್ರೂ ಒಂದು ತೊಟ್ಟು ನೀರು ಹಾಕಿದ್ದ. ಇವನು ಅದನ್ನೂ ಹಾಕಲಿಲ್ಲ. ಅಷ್ಟು ವರ್ಷ ಅವಳಿಗೆ ರಾತ್ರಿ ರಾತ್ರಿ ಪತ್ರ ಬರೆದವನು. ಇದಕ್ಕೆ ಮಾತ್ರ ನನಗೆ ಅವನನ್ನ ಕ್ಷಮಿಸೋಕೆ ಆಗ್ತಿಲ್ಲ.

ಕಾದಂಬರಿ 1856ರ ಕೊನೆಯಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು. ನೀತಿಗೆಟ್ಟ ಪುಸ್ತಕ ಅಂತ ಸರ್ಕಾರ ಕೇಸ್ ಹಾಕಿತು. 1857ರ ಫೆಬ್ರವರಿ 7ರಂದು ಬಿಡುಗಡೆ ಆಯ್ತು, ಫ್ಲೋಬೇರ್ ಫೇಮಸ್ ಆದ. ಆಮೇಲೆ 1862ರಲ್ಲಿ ಸಲಾಂಬೋ, 1869ರಲ್ಲಿ ಸೆಂಟಿಮೆಂಟಲ್ ಎಜುಕೇಶನ್. ಎರಡನೇದರ ನಾಯಕ ಮದಾಂ ಆರ್ನೂ ಅನ್ನೋ ವಿವಾಹಿತೆಯನ್ನ ಜೀವನಪೂರ್ತಿ ಪ್ರೀತಿಸ್ತಾನೆ, ತಲೆಗೂದಲು ಬೆಳ್ಳಗಾದ ಮೇಲಿನ ಕೊನೇ ಭೇಟಿಯಲ್ಲೂ ಅವರಿಬ್ಬರೂ ನೀವು ಅಂತಲೇ ಮಾತಾಡ್ಕೋತಾರೆ.

(ನಾನು ಇಲ್ಲಿ ಫ್ಲೋಬೇರ್‌ನ ಅವನು ಅಂತ ಬರೀತಿದೀನಿ. ಗೌರವ ಇಲ್ಲ ಅಂತಲ್ಲ, ಪತ್ರ ಓದ್ತಾ ಓದ್ತಾ ಸಲಿಗೆ ಬಂದುಬಿಟ್ಟಿದೆ.)

ಇನ್ನು ಲೂಲೂ ವಿಷಯ. ಹುಡುಗಿ ಬೆಳೆದಳು. ಡ್ರಾಯಿಂಗ್ ಮೇಷ್ಟ್ರ ಮೇಲೆ ಮನಸ್ಸಿತ್ತು. ಮನೆಯವರು ನೋಡಿದ್ದು ಅರ್ನೆಸ್ಟ್ ಕಮಾನ್ವಿಲ್ ಅನ್ನೋ ಮರದ ವ್ಯಾಪಾರಿಯನ್ನ. ಅವಳಿಗೆ ಇಷ್ಟವಿರಲಿಲ್ಲ. ಮಾವ ಏನು ಮಾಡಬೇಕಿತ್ತು? ಇಷ್ಟವಿಲ್ಲದ ಸಪ್ಪೆ ಮದುವೆ ಹೆಣ್ಣನ್ನ ಹೇಗೆ ತಿಂದುಹಾಕುತ್ತೆ ಅಂತ ಇಡೀ ಯುರೋಪಿಗೆ ತೋರಿಸಿದವನು ಅವನೇ ಅಲ್ವಾ? ಆದ್ರೆ ಆ ಮಾವ, ಕಾಸಿಲ್ಲದ ಮಹಾಪುರುಷನಿಗಿಂತ ದುಡ್ಡಿರೋ ದಿನಸಿ ಅಂಗಡಿಯವನೇ ವಾಸಿ ಅನ್ನೋ ಧಾಟಿಯಲ್ಲಿ ಬುದ್ಧಿ ಹೇಳಿ ಪತ್ರ ಬರೆದ. ಮುದ್ದುಮಾಡ್ತಾನೇ ಬರೆದ. 1864ರಲ್ಲಿ ಮದುವೆ ಆಯ್ತು. ನಮ್ಮನ್ನೂ ಪುಟ್ಟಾ ಅಂತ ಕರೆದೇ ಎಷ್ಟೋ ವಿಷಯಕ್ಕೆ ಒಪ್ಪಿಸಿಬಿಡ್ತಾರೆ, ಬ್ರಾಂಚ್ ಸೆಲೆಕ್ಷನ್ ಕೂಡ ಸೇರಿ.

1875ರಲ್ಲಿ ಕಮಾನ್ವಿಲ್ ದಿವಾಳಿಯ ಅಂಚಿಗೆ ಬಂದ. ಫ್ಲೋಬೇರ್ ತನ್ನ ಹತ್ತಿರ ಇದ್ದದ್ದನ್ನೆಲ್ಲ ಸುರಿದ, ದೋವಿಲ್‌ನ ಜಮೀನು ಮಾರಿದ. ಕ್ರ್ವಾಸೆ ಮನೆಯನ್ನ ಅಮ್ಮ 1872ರಲ್ಲಿ ತೀರಿಕೊಳ್ಳುವಾಗ ಮೊಮ್ಮಗಳ ಹೆಸರಿಗೇ ಬರೆದಿದ್ದರಿಂದ, ಅದೂ ಕೈಬಿಟ್ಟು ಹೋದ್ರೆ ಅನ್ನೋ ಭಯ ಬೇರೆ. 53 ವರ್ಷಕ್ಕೆ ಬರಿಗೈ. ಆದ್ರೂ ಅವಳಿಗೆ ಬರೆಯೋ ಪತ್ರಗಳಲ್ಲಿ ಮುದ್ದಿನ ಹೆಸರು ಬಿಡಲಿಲ್ಲ.

ಆ ಕಷ್ಟದ ದಿನಗಳಲ್ಲಿ ಅವನ ಜೊತೆ ಇದ್ದವರಲ್ಲಿ ಮುಖ್ಯವಾದವರು ಜಾರ್ಜ್ ಸ್ಯಾಂಡ್, ಅವನಿಗಿಂತ 17 ವರ್ಷ ದೊಡ್ಡ ಲೇಖಕಿ. ಪುಸ್ತಕದ ಬಗ್ಗೆ ಇಬ್ಬರಿಗೂ ಒಂದು ವಿಷಯದಲ್ಲೂ ಒಮ್ಮತ ಇರಲಿಲ್ಲ, ಸ್ನೇಹ ಮಾತ್ರ ಗಟ್ಟಿ. ಫ್ಲೋಬೇರ್ ಅವರನ್ನ ಕರೀತಿದ್ದದ್ದು ಪ್ರಿಯ ಗುರು ಅಂತ, ಅದರಲ್ಲಿ ಪ್ರಿಯ ಅನ್ನೋದು ಸ್ತ್ರೀಲಿಂಗ, ಗುರು ಅನ್ನೋದು ಪುಲ್ಲಿಂಗ. ಗ್ರಾಮರ್ ಪ್ರಕಾರ ತಪ್ಪು. ಒಂದು ಅಲ್ಪವಿರಾಮಕ್ಕೆ ತಲೆ ಕೆಡಿಸಿಕೊಳ್ಳೋ ಮನುಷ್ಯ ಬೇಕಂತಲೇ ಮಾಡಿದ ತಪ್ಪು. ಅವರು ಇವನನ್ನ ಮುದಿ ಹಾಡುಗಾರ ಅನ್ನೋ ಅರ್ಥದ ಹೆಸರಲ್ಲಿ ಕರೆದು ರೇಗಿಸ್ತಿದ್ರು. ಅವರು ನೀನು ಗೆ ಇಳಿದ ಮೇಲೂ ಇವನು ನೀವು ಬಿಡಲಿಲ್ಲ. ನೀವು ಅನ್ನೋದರಲ್ಲೂ ಅಷ್ಟು ಪ್ರೀತಿ ತುಂಬಬಹುದು ಅಂತ ನನಗೆ ಗೊತ್ತಾಗಿದ್ದು ಇಲ್ಲೇ.

ಸ್ಯಾಂಡ್‌ಗೋಸ್ಕರ ಅಂತಲೇ ಅವನು ಒಂದು ಕಥೆ ಶುರು ಮಾಡಿದ. ಅದು ಮುಗಿಯೋ ಮೊದಲೇ, 1876ರ ಜೂನ್ 8ರಂದು ಅವರು ತೀರಿಕೊಂಡ್ರು. ಅವರ ಅಂತ್ಯಕ್ರಿಯೆಯಲ್ಲಿ ಅವನು ಮಗುವಿನ ಹಾಗೆ ಅತ್ತ. ಕಥೆಯ ಹೆಸರು ಒಂದು ಸರಳ ಹೃದಯ, 1877ರಲ್ಲಿ ಅಚ್ಚಾಯ್ತು. ಫೆಲಿಸಿತೆ ಅನ್ನೋ ಮನೆಕೆಲಸದವಳು ಅರ್ಧ ಶತಮಾನ ಒಂದೇ ಮನೇಲಿ ದುಡೀತಾಳೆ. ಅವಳನ್ನ ಮುದ್ದಿನಿಂದ ಕರೆಯೋರು ಯಾರೂ ಇಲ್ಲ. ಯಜಮಾನಿಯ ಮಗಳು ಸತ್ತ ಎಷ್ಟೋ ದಿನದ ಮೇಲೆ, ಆ ಹುಡುಗಿಯ ನುಸಿ ತಿಂದ ಟೋಪಿ ಬೀರುವಿನಲ್ಲಿ ಸಿಗುತ್ತೆ. ಯಜಮಾನಿ ಸುಮ್ಮನೆ ಕೈಚಾಚ್ತಾಳೆ, ಇಬ್ಬರೂ ತಬ್ಬಿಕೊಳ್ತಾರೆ. ಜೀವನದಲ್ಲಿ ಮೊದಲ ಸಲ. ಒಂದು ಪದವೂ ಇಲ್ಲ.

ಆಮೇಲೆ ಅವಳಿಗೆ ಒಂದು ಗಿಳಿ ಸಿಗುತ್ತೆ. ವಯಸ್ಸಾಗಿ ಕಿವಿ ಕೇಳಿಸದೆ ಹೋದಾಗ, ಅವಳಿಗೆ ಕೇಳಿಸೋ ಒಂದೇ ಶಬ್ದ ಆ ಗಿಳಿಯದು. ಕಲಿಸಿದ ಅದೇ ಎರಡು ಮೂರು ಮಾತನ್ನ ಅದು ಮತ್ತೆ ಮತ್ತೆ ಹೇಳುತ್ತೆ. ಪೂರ್ತಿ ಸವೆದ ಪದಗಳು, ಅರ್ಥವೇ ಗೊತ್ತಿಲ್ಲದ ಬಾಯಿಂದ. ಅವಳಿಗೆ ಅದು ಹೆಚ್ಚುಕಮ್ಮಿ ಮಗ ಇದ್ದ ಹಾಗೆ. ಬರೆಯುವಾಗ ಫ್ಲೋಬೇರ್ ರುವಾಂ ಮ್ಯೂಸಿಯಂನಿಂದ ಒಣಹುಲ್ಲು ತುಂಬಿದ ಗಿಳಿಯೊಂದನ್ನ ಸಾಲ ತಂದು ಮೇಜಿನ ಮೇಲೆ ಇಟ್ಕೊಂಡಿದ್ದ. ಕಥೆಯ ಗಿಳಿಗೆ ಅವನಿಟ್ಟ ಹೆಸರು ಲೂಲೂ.

ಸಾಯೋಕೆ ಒಂದು ವರ್ಷ ಮುಂಚೆ ಫ್ಲೋಬೇರ್ ಹಳೇ ಪತ್ರಗಳ ಪೆಟ್ಟಿಗೆ ತೆಗೆದು ರಾತ್ರಿಯೆಲ್ಲ ಕೂತು ಒಂದೊಂದೇ ಸುಟ್ಟ. ಜೊತೆಗಿದ್ದ ಶಿಷ್ಯ ಮೊಪಾಸಾ ಅದರ ಬಗ್ಗೆ ಬರೆದಿದ್ದಾನೆ. ಪತ್ರಗಳ ಮಧ್ಯೆ ಒಂದು ಪುಟ್ಟ ರೇಷ್ಮೆ ಚಪ್ಪಲಿ, ಅದರೊಳಗೆ ಕರವಸ್ತ್ರದಲ್ಲಿ ಸುತ್ತಿದ ಒಣಗಿದ ಗುಲಾಬಿ ಇತ್ತಂತೆ. ಲೂಯಿಸ್ ಬರೆದ ಪತ್ರಗಳಲ್ಲಿ ಬಹುತೇಕ ಇವತ್ತು ಇಲ್ಲ. ಅವನು ಅವಳನ್ನ ಏನಂತ ಕರೀತಿದ್ದ ಅಂತ ಗೊತ್ತು, ಅವಳ ದನಿ ಮಾತ್ರ ನಮಗೆ ಹೆಚ್ಚು ಸಿಗಲ್ಲ.

1880ರ ಮೇ 8ರಂದು ಕ್ರ್ವಾಸೆಯಲ್ಲಿ ಫ್ಲೋಬೇರ್ ತೀರಿಕೊಂಡ. ಮನೆ ಮಾರಾಟವಾಗಿ, ನೆಲಸಮ ಆಯ್ತು. ತೋಟದ ಮೂಲೆಯ ಸಣ್ಣ ಪೆವಿಲಿಯನ್ ಒಂದು ಉಳಿದಿದೆ, ಈಗ ಅದು ಮ್ಯೂಸಿಯಂ. ಅವನ ಪತ್ರಗಳನ್ನ ಸೇರಿಸಿ ಅಚ್ಚು ಹಾಕಿಸಿದವಳು ಕ್ಯಾರೊಲಿನ್. ತನಗೆ ಸರಿ ಕಾಣದ್ದನ್ನ ಅಲ್ಲಲ್ಲಿ ಕತ್ತರಿಸಿದಳು. 1906ರಲ್ಲಿ ತನಗೇ ಬಂದ ಪತ್ರಗಳ ಪುಸ್ತಕ ತಂದಳು. ಆಗ ಅವಳಿಗೆ 60 ವರ್ಷ. ಲೂಲೂ ಅನ್ನೋದನ್ನ ಅದರಲ್ಲಿ ಹಾಗೇ ಬಿಟ್ಟಿದ್ದಾಳೆ.